ರೇಡಿಯಾಲಜಿ ಪಿಜಿಗೆ ಸೇರಿದ್ದೀರಾ? ಮೊದಲು ನಿಮ್ಮ ರಿಪೋರ್ಟ್ ಬರೆಯಿರಿ, ಆಮೇಲೆ ಸೀನಿಯರ್‌ನ ಕೇಳಿ

ಸೀಟು ಸಿಕ್ಕಿದ ದಿನ ಮನೆಯವರೆಲ್ಲ ಖುಷಿಯಲ್ಲಿರುತ್ತಾರೆ. ಮಾರನೇ ದಿನ ಯಾರೋ ಚಿಕ್ಕಪ್ಪ ಫೋನ್ ಮಾಡಿ, "ಅಂದ್ರೆ ಎಕ್ಸ್‌ರೇ ತೆಗೆಯೋದಾ?" ಅಂತ ಕೇಳುತ್ತಾರೆ. ತೆಗೆಯುವವರು ಟೆಕ್ನಿಷಿಯನ್, ಓದುವವರು ನಾವು ಅಂತ ಮೂರು ವರ್ಷ ಹೇಳುತ್ತಲೇ ಇರಬೇಕಾಗುತ್ತದೆ. ಅಭ್ಯಾಸ ಮಾಡಿಕೊಳ್ಳಿ.

ನಾನು ಎಂಡಿ ರೇಡಿಯೋಡಯಾಗ್ನೋಸಿಸ್ ಮುಗಿಸಿದ್ದು ಕರ್ನಾಟಕದ ಒಂದು ಸರ್ಕಾರಿ ಕಾಲೇಜಿನಲ್ಲಿ. ಎಂಡಿಗೆ ಸಮಾನವಾದ ಡಿಎನ್‌ಬಿಗೆ ಸೇರಿದವರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ. ಪುಸ್ತಕದಲ್ಲಿ ಸಿಗುವುದನ್ನು ಇಲ್ಲಿ ಬರೆಯುವುದಿಲ್ಲ. ಸೇರಿದ ದಿನ ಯಾರಾದರೂ ನನ್ನನ್ನು ಕೂರಿಸಿಕೊಂಡು ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸುವಂಥವನ್ನು ಮಾತ್ರ ಬರೆಯುತ್ತೇನೆ.

ಹೆಜ್ಜೆ 1: ಸೇರಿದ ವಾರವೇ ಎರಡು ಕೆಲಸ

ಮೊದಲನೆಯದು ಟಿಎಲ್‌ಡಿ ಬ್ಯಾಡ್ಜ್. ನಿಮ್ಮ ಮೈಗೆ ಎಷ್ಟು ವಿಕಿರಣ ಬಿತ್ತು ಎಂದು ಲೆಕ್ಕ ಇಡುವ ಪುಟ್ಟ ಬ್ಯಾಡ್ಜು ಇದು. ಮೂರು ತಿಂಗಳಿಗೊಮ್ಮೆ ಓದಲು ಕಳಿಸುತ್ತಾರೆ. ನಿಮ್ಮ ಹೆಸರಿನಲ್ಲಿ ಬ್ಯಾಡ್ಜು ಬರುವುದಕ್ಕೆ ಸಮಯ ಹಿಡಿಯುತ್ತದೆ, ಆದ್ದರಿಂದ ಮೊದಲ ದಿನವೇ ಆಫೀಸಿಗೆ ಹೋಗಿ ಅರ್ಜಿ ಕೊಡಿ. ಬಂದ ಮೇಲೆ ಎದೆಯ ಹತ್ತಿರ, ಲೆಡ್ ಏಪ್ರನ್ನಿನ ಒಳಗೆ ಹಾಕಿಕೊಳ್ಳಿ. ಹೊರಗೆ ಹಾಕಿದರೆ ಏಪ್ರನ್ನಿಗೆ ಬಿದ್ದ ಲೆಕ್ಕ ಸಿಗುತ್ತದೆ, ನಿಮಗೆ ಬಿದ್ದದ್ದು ಸಿಗುವುದಿಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ (ಎಇಆರ್‌ಬಿ) ಪ್ರಕಾರ ನಮ್ಮಂಥವರಿಗೆ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು. ಸರಿಯಾಗಿ ಕೆಲಸ ಮಾಡಿದರೆ ಇದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೆ ಬ್ಯಾಡ್ಜನ್ನು ಹಾಸ್ಟೆಲ್ ಡ್ರಾಯರಿನಲ್ಲಿ ಇಟ್ಟವರ ಲೆಕ್ಕ ಯಾವಾಗಲೂ ಸೊನ್ನೆಯೇ ಬರುತ್ತದೆ, ಅಲ್ವಾ. ಗರ್ಭಿಣಿಯಾದರೆ ತಕ್ಷಣ ವಿಭಾಗಕ್ಕೆ ತಿಳಿಸಿ. ತಿಳಿಸಿದ ಮೇಲೆ ಮಗುವಿಗೆ ಬೀಳುವ ಡೋಸಿನ ಮಿತಿ 1 ಮಿಲಿಸೀವರ್ಟ್, ಪೋಸ್ಟಿಂಗ್ ಬದಲಾಯಿಸಿಕೊಡಬೇಕು. ಕೇಳುವುದಕ್ಕೆ ಸಂಕೋಚ ಬೇಡ.

ಎರಡನೆಯದು, ಇನ್ನೂರು ಪುಟದ ಒಂದು ನೋಟ್‌ಬುಕ್. ಅದಕ್ಕೆ ನಾನು ತಪ್ಪಿನ ಪುಸ್ತಕ ಅಂತ ಹೆಸರಿಟ್ಟಿದ್ದೆ. ಅದರ ವಿಷಯ ಕೆಳಗೆ ಇದೆ.

ಹೆಜ್ಜೆ 2: ಎಕ್ಸ್‌ರೇ ಪೋಸ್ಟಿಂಗನ್ನು ಹಗುರವಾಗಿ ತೆಗೆದುಕೊಳ್ಳಬೇಡಿ

ಎಲ್ಲರಿಗೂ ಬೇಗ ಎಂಆರ್‌ಐ ರೂಮಿಗೆ ಹೋಗುವ ಆಸೆ. ಮೊದಲ ಆರು ತಿಂಗಳು ಎಕ್ಸ್‌ರೇ, ಬೇರಿಯಂ, ಅಲ್ಟ್ರಾಸೌಂಡ್ ಅಂತ ಹಾಕಿದರೆ ಮುಖ ಸಣ್ಣದಾಗುತ್ತದೆ. ನಿಜ ಹೇಳಬೇಕೆಂದರೆ ಇಡೀ ರೇಡಿಯಾಲಜಿಯಲ್ಲಿ ತುಂಬ ಕಷ್ಟದ ಫಿಲ್ಮು ಎದೆಯ ಎಕ್ಸ್‌ರೇ. ಸಿಟಿಯಲ್ಲಿ ಒಂದೊಂದು ಪದರ ಬೇರೆ ಬೇರೆ ಕಾಣುತ್ತದೆ, ಇಲ್ಲಿ ಪಕ್ಕೆಲುಬು, ಹೃದಯ, ರಕ್ತನಾಳ, ಶ್ವಾಸಕೋಶ ಎಲ್ಲ ಒಂದರ ಮೇಲೊಂದು ಬಿದ್ದಿರುತ್ತವೆ.

ನಾನು ಮೊದಲ ವರ್ಷ ಬೈಕ್ ಅಪಘಾತದ ಒಬ್ಬ ಹುಡುಗನ ಎಕ್ಸ್‌ರೇ ಓದಿದೆ. ಎರಡು ಪಕ್ಕೆಲುಬು ಮುರಿದಿದ್ದವು. ಕಂಡುಹಿಡಿದೆ, ಹೆಮ್ಮೆಯಿಂದ ಬರೆದೆ, ಸಹಿ ಹಾಕಿದೆ. ಸೀನಿಯರ್ ಬಂದು ಮೇಲಿನ ತುದಿಯನ್ನು ಬೆರಳಲ್ಲಿ ತೋರಿಸಿದರು. ತೆಳ್ಳಗೆ ಒಂದು ಗೆರೆ, ಅದರಾಚೆ ಶ್ವಾಸಕೋಶದ ಗುರುತೇ ಇಲ್ಲ. ನ್ಯೂಮೋಥೊರಾಕ್ಸ್, ಅಂದರೆ ಶ್ವಾಸಕೋಶದ ಹೊರಗೆ ಗಾಳಿ ತುಂಬಿಕೊಂಡಿರುವುದು. ಒಂದು ಸಿಕ್ಕ ತಕ್ಷಣ ಹುಡುಕುವುದನ್ನು ನಿಲ್ಲಿಸುವ ಈ ಚಾಳಿಗೆ ನಮ್ಮಲ್ಲಿ ಹೆಸರೇ ಇದೆ, ಸ್ಯಾಟಿಸ್‌ಫ್ಯಾಕ್ಷನ್ ಆಫ್ ಸರ್ಚ್. ಎಲ್ಲರೂ ಮಾಡುತ್ತಾರೆ, ಇಪ್ಪತ್ತು ವರ್ಷ ಅನುಭವ ಇದ್ದವರೂ ಮಾಡುತ್ತಾರೆ.

ಹಾಗಾಗಿ ಒಂದು ದಾರಿ ಹಾಕಿಕೊಂಡು ಪ್ರತಿ ಫಿಲ್ಮಿಗೂ ಅದೇ ದಾರಿಯಲ್ಲಿ ಹೋಗಿ. ಮೊದಲು ಹೆಸರು, ವಯಸ್ಸು, ತಾರೀಖು, ಬಲ ಎಡ ಗುರುತು. ಆಮೇಲೆ ಶ್ವಾಸನಾಳ, ಹೃದಯ, ಹೈಲಮ್ (ಶ್ವಾಸಕೋಶಕ್ಕೆ ರಕ್ತನಾಳ ಸೇರುವ ಜಾಗ), ಶ್ವಾಸಕೋಶ, ಮೂಳೆ. ಕೊನೆಗೆ ಎಲ್ಲರೂ ಮರೆಯುವ ಜಾಗಗಳು: ಎರಡೂ ತುದಿ, ಹೃದಯದ ಹಿಂದೆ, ಡಯಾಫ್ರಮ್ಮಿನ ಕೆಳಗೆ, ಭುಜದ ಮೂಳೆ. ಹಳೆಯ ಫಿಲ್ಮು ಇದ್ದರೆ ಪಕ್ಕದಲ್ಲಿ ಇಟ್ಟುಕೊಂಡೇ ಓದಿ. ಹಳೆಯ ಫಿಲ್ಮು ಕಲಿಸಿದಷ್ಟು ನನಗೆ ಯಾವ ಪ್ರೊಫೆಸರೂ ಕಲಿಸಿಲ್ಲ.

ನಮ್ಮ ಕಡೆಯ ಕಾಯಿಲೆಗಳನ್ನೂ ಇಲ್ಲೇ ನೋಡಿಕೊಳ್ಳಿ. ಕೋಲಾರ, ಪಾವಗಡದ ಕಡೆಯಿಂದ ಬಂದವರ ಬೆನ್ನುಮೂಳೆ ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದರೆ ಮುಂಗೈಯ ಎಕ್ಸ್‌ರೇ ಕೇಳಿ. ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಕ್ಯಾಲ್ಸಿಯಂ ಕೂತಿದ್ದರೆ ಫ್ಲೋರೋಸಿಸ್ (ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಬರುವ ಮೂಳೆ ಕಾಯಿಲೆ) ಅನ್ನಲು ಧೈರ್ಯ ಬರುತ್ತದೆ. ಪರೀಕ್ಷೆಯಲ್ಲೂ ಇದು ಅಚ್ಚುಮೆಚ್ಚಿನ ಸ್ಪಾಟರ್, ಅಂದರೆ ನೋಡಿದ ತಕ್ಷಣ ಗುರುತಿಸಬೇಕಾದ ಚಿತ್ರ. ಸಾಗರದ ಕಡೆ ಕಂಡುಬಂದ ಹಂದಿಗೋಡು ಕಾಯಿಲೆಯ ಸೊಂಟದ ಕೀಲಿನ ಚಿತ್ರಗಳನ್ನೂ ಒಮ್ಮೆ ಹುಡುಕಿ ನೋಡಿ. ನಮ್ಮ ರಾಜ್ಯದ ಹಳ್ಳಿಯ ಹೆಸರಿರುವ ಕಾಯಿಲೆ ನಮಗೇ ಗೊತ್ತಿಲ್ಲದಿದ್ದರೆ ಹೇಗೆ?

ಹೆಜ್ಜೆ 3: ತಪ್ಪಿನ ಪುಸ್ತಕ

ಇಷ್ಟು ಓದಿ ಬೇರೆ ಎಲ್ಲ ಬಿಟ್ಟರೂ ಪರವಾಗಿಲ್ಲ, ಇದೊಂದು ಮಾಡಿ.

ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಸೀನಿಯರ್ ಪಕ್ಕದಲ್ಲಿ ಕೂರುತ್ತೀರಿ, ಅವರು ಇಮೇಜು ಉರುಳಿಸುತ್ತಾ ಹೇಳುತ್ತಾರೆ, ನೀವು ತಲೆ ಆಡಿಸುತ್ತೀರಿ, ಎಲ್ಲ ಅರ್ಥ ಆದ ಹಾಗೆ ಅನ್ನಿಸುತ್ತದೆ. ಮರುದಿನ ಅದೇ ಥರದ ಕೇಸು ಒಬ್ಬರೇ ನೋಡುವಾಗ ಕೈ ಓಡುವುದಿಲ್ಲ. ಬೇರೆಯವರು ಈಜುವುದನ್ನು ದಡದಲ್ಲಿ ಕೂತು ನೋಡಿದ ಹಾಗೆ.

ಅದಕ್ಕೇ ಸೀನಿಯರ್ ಬರುವ ಮುಂಚೆ ನಿಮ್ಮ ರಿಪೋರ್ಟು ಕಾಗದದ ಮೇಲೆ ಇರಬೇಕು. ಮನಸ್ಸಿನಲ್ಲಿ ಇದ್ದರೆ ಲೆಕ್ಕಕ್ಕಿಲ್ಲ, ಏಕೆಂದರೆ ಅವರು ಹೇಳಿದ ಮೇಲೆ "ನಾನೂ ಅದೇ ಅಂದುಕೊಂಡಿದ್ದೆ" ಅಂತ ಮನಸ್ಸು ಸುಮ್ನೆ ಸುಳ್ಳು ಹೇಳುತ್ತದೆ. ಬರೆಯಿರಿ, ತಪ್ಪೋ ಸರಿಯೋ. ಆಮೇಲೆ ಅವರು ತಿದ್ದಿದ್ದನ್ನು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲಿನಲ್ಲಿ ಇಳಿಸಿ: ಏನು ಕಂಡೆ, ಏನು ತಪ್ಪಿಸಿಕೊಂಡೆ, ಯಾಕೆ, ಮುಂದಿನ ಸಲ ಎಲ್ಲಿ ನೋಡಬೇಕು. ರೋಗಿಯ ಹೆಸರು ಬೇಡ.

ಇದರ ಮುಂದಿನ ಭಾಗವನ್ನು ಬಹಳ ಜನ ಮಾಡುವುದಿಲ್ಲ. ವಾರಕ್ಕೊಮ್ಮೆ, ಶನಿವಾರ ಮಧ್ಯಾಹ್ನ ಅಂತ ಇಟ್ಟುಕೊಳ್ಳಿ, ವಾರ್ಡಿಗೆ ಹೋಗಿ. ನೀವು ಅಪೆಂಡಿಕ್ಸ್ ಅಂದಿದ್ದ ಹೊಟ್ಟೆಯನ್ನು ಸರ್ಜರಿಯವರು ತೆರೆದಾಗ ಏನು ಸಿಕ್ಕಿತು? ಹೆಮಾಂಜಿಯೋಮಾ (ರಕ್ತನಾಳದ ಅಪಾಯವಿಲ್ಲದ ಗಂಟು) ಅಂದಿದ್ದು ಕೊನೆಗೆ ಏನಾಯಿತು? ಪೆಥಾಲಜಿಯ ರಿಪೋರ್ಟು ಓದಿ. ಆಪರೇಷನ್ ಮಾಡಿದ ಪಿಜಿಗೆ ಒಂದು ಟೀ ಕೊಡಿಸಿ ಕೇಳಿ. ಮೂರನೇ ವರ್ಷದ ಹೊತ್ತಿಗೆ ನನ್ನ ಪುಸ್ತಕದಲ್ಲಿ ಒಂದು ವಿಷಯ ಎದ್ದು ಕಾಣುತ್ತಿತ್ತು: ನನ್ನ ತಪ್ಪುಗಳಲ್ಲಿ ಕಾಯಿಲೆ ಗೊತ್ತಿಲ್ಲದೆ ಆದವು ಕಡಿಮೆ, ಆ ಜಾಗವನ್ನೇ ನೋಡದೆ ಆದವು ಜಾಸ್ತಿ.

ಹೆಜ್ಜೆ 4: ಅಲ್ಟ್ರಾಸೌಂಡ್, ಕೈ ಕುದುರುವವರೆಗೆ

ಸಿಟಿ, ಎಂಆರ್‌ಐ ಯಾರು ತೆಗೆದರೂ ಹೆಚ್ಚು ಕಡಿಮೆ ಒಂದೇ. ಅಲ್ಟ್ರಾಸೌಂಡ್ ಹಾಗಲ್ಲ, ನಿಮ್ಮ ಕೈ ಎಲ್ಲಿ ಹೋಗುತ್ತದೋ ಅಷ್ಟೇ ಕಾಣುತ್ತದೆ. ಮೊದಲ ಕೆಲವು ನೂರು ಸ್ಕ್ಯಾನ್ ನಾರ್ಮಲ್ ನೋಡುವುದಕ್ಕೇ ಇರುತ್ತವೆ, ಬೇಜಾರು ಮಾಡಿಕೊಳ್ಳಬೇಡಿ. ಪಿತ್ತಕೋಶದ ಗೋಡೆ 3 ಮಿಲಿಮೀಟರ್ ಒಳಗೆ, ಪೋರ್ಟಲ್ ವೇನ್ 13 ಮಿಲಿಮೀಟರ್ ಒಳಗೆ, ದೊಡ್ಡವರ ಕಿಡ್ನಿ ಸುಮಾರು 9ರಿಂದ 12 ಸೆಂಟಿಮೀಟರ್, ಅಪೆಂಡಿಕ್ಸ್ 6 ಮಿಲಿಮೀಟರಿಗಿಂತ ದಪ್ಪ ಇದ್ದು ಒತ್ತಿದರೂ ಚಪ್ಪಟೆ ಆಗದಿದ್ದರೆ ಅನುಮಾನ. ಇಂಥ ಅಂಕಿಗಳು ನಿದ್ದೆಯಲ್ಲಿ ಕೇಳಿದರೂ ಬರಬೇಕು.

"ಗ್ಯಾಸ್ ಇತ್ತು, ಕಾಣಲಿಲ್ಲ" ಎಂದು ಬರೆಯುವ ಮುಂಚೆ ಮೂರು ಪ್ರಯತ್ನ ಮಾಡಿ. ರೋಗಿಯನ್ನು ಮಗ್ಗುಲಿಗೆ ತಿರುಗಿಸಿ, ನಿಧಾನಕ್ಕೆ ಒತ್ತಿ ಹಿಡಿಯಿರಿ, ಪಕ್ಕೆಲುಬಿನ ಸಂದಿಯಿಂದ ನೋಡಿ. ಮಾತು ಇಲ್ಲಿ ಅರ್ಧ ಕೆಲಸ ಮಾಡುತ್ತದೆ. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಈಗ ಬಿಡಿ" ಎಂಬ ಮೂರು ಮಾತು ಬಾರದೆ ಹೊರರಾಜ್ಯದಿಂದ ಬಂದ ಎಷ್ಟೋ ಜನ ಪರದಾಡಿದ್ದಾರೆ. ಉತ್ತರ ಕರ್ನಾಟಕದ ಕಡೆ ಸೇರಿದ ಬೆಂಗಳೂರಿನವರೂ ಸ್ವಲ್ಪ ದಿನ ಪರದಾಡುತ್ತಾರೆ, ಅಲ್ಲಿ "ದಮ್ ಹಿಡೀರಿ" ಅಂದರೆ ಬೇಗ ಕೆಲಸ ಆಗುತ್ತದೆ. ಕನ್ನಡ ಬಾರದ ಸಹಪಾಠಿ ಇದ್ದರೆ ಒಂದು ಚೀಟಿ ಬರೆದು ಮಿಷನ್ನಿಗೆ ಅಂಟಿಸಿ ಕೊಡಿ.

ಮತ್ತೆ ಕುರ್ಚಿಯ ಎತ್ತರ ಸರಿ ಮಾಡಿಕೊಳ್ಳಿ. ಭುಜ, ಮಣಿಕಟ್ಟು ನೋವು ಈ ಕೆಲಸಕ್ಕೆ ಅಂಟಿಕೊಂಡೇ ಬರುತ್ತದೆ. ರೋಗಿಯನ್ನು ನಿಮ್ಮ ಹತ್ತಿರಕ್ಕೆ ಸರಿಸಿಕೊಳ್ಳಿ, ನೀವು ಬಾಗಬೇಡಿ.

ಹೆಜ್ಜೆ 5: ಎಫ್ ಫಾರ್ಮ್

ಗರ್ಭಿಣಿಯ ಹೊಟ್ಟೆ ಮೇಲೆ ಪ್ರೋಬ್ ಇಡುವ ಮೊದಲು 1994ರ ಪಿಸಿಪಿಎನ್‌ಡಿಟಿ ಕಾಯ್ದೆಯನ್ನು (ಭ್ರೂಣಲಿಂಗ ಪತ್ತೆ ತಡೆಯುವ ಕಾನೂನು) ಪೂರ್ತಿ ಓದಿ. ಒಂದು ಸಂಜೆಯ ಕೆಲಸ. ಪ್ರತಿ ಗರ್ಭಿಣಿಗೂ ಎಫ್ ಫಾರ್ಮ್ ತುಂಬಬೇಕು, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಘೋಷಣೆಗೆ ಸಹಿ ಪಡೆಯಬೇಕು, ದಾಖಲೆ ಕನಿಷ್ಠ ಎರಡು ವರ್ಷ ಇಡಬೇಕು, ತಿಂಗಳ ವರದಿ ಮುಂದಿನ ತಿಂಗಳ 5ರೊಳಗೆ ಹೋಗಬೇಕು. ಫಾರ್ಮು ಅರ್ಧಂಬರ್ಧ ತುಂಬಿದ್ದರೆ ಅದನ್ನೇ ಕಾಯ್ದೆಯ ಉಲ್ಲಂಘನೆ ಅಂತ ನೋಡುತ್ತಾರೆ, ತಪ್ಪು ಮಾಡಿಲ್ಲ ಎಂದು ತೋರಿಸಬೇಕಾದವರು ನೀವೇ. ಮೊದಲ ಅಪರಾಧಕ್ಕೇ ಮೂರು ವರ್ಷದವರೆಗೆ ಜೈಲು ಇದೆ. ಸಂಸ್ಥೆಯ ನೋಂದಣಿಯಲ್ಲಿ ಯಾರ ಹೆಸರಿದೆ, ಯಾರ ಮೇಲ್ವಿಚಾರಣೆಯಲ್ಲಿ ನೀವು ಸ್ಕ್ಯಾನ್ ಮಾಡುತ್ತೀರಿ ಎಂಬುದನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ.

ಮಗು ಗಂಡೋ ಹೆಣ್ಣೋ ಎಂದು ಯಾರೂ ನೇರವಾಗಿ ಕೇಳುವುದಿಲ್ಲ. "ಸ್ವೀಟ್ ತರೋ ಹಾಗಿದೆಯಾ ಡಾಕ್ಟ್ರೇ" ಅನ್ನುತ್ತಾರೆ. ಮಾತಿನಲ್ಲಿ, ಸನ್ನೆಯಲ್ಲಿ, ಯಾವ ರೀತಿಯಲ್ಲೂ ಹೇಳುವಂತಿಲ್ಲ ಎಂದೇ ಕಾಯ್ದೆಯಲ್ಲಿದೆ, ಹಾಗಾಗಿ ನಗುವುದಕ್ಕೂ ಹೋಗಬೇಡಿ. 2023ರ ಕೊನೆಯಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನ್ ಮಿಷನ್ ಇಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದದ್ದು ನೆನಪಿದೆಯಲ್ಲ? ಬೆಲ್ಲ ಕಾಯಿಸುವ ಜಾಗದಲ್ಲಿ. ಅದನ್ನು ಓದಿದ ಮೇಲೆ ಫಾರ್ಮು ತುಂಬುವುದು ಕಿರಿಕಿರಿ ಅನ್ನಿಸುವುದು ನನಗಂತೂ ನಿಂತುಹೋಯಿತು.

ಹೆಜ್ಜೆ 6: ರಾತ್ರಿ ಡ್ಯೂಟಿ

ರಾತ್ರಿ ಎರಡು ಗಂಟೆ, ತಲೆಗೆ ಪೆಟ್ಟಾದವರು ನಾಲ್ಕು ಜನ ಒಟ್ಟಿಗೆ, ಫೋನಿನಲ್ಲಿ ಸರ್ಜರಿಯ ಪಿಜಿ ಕೂಗಾಡುತ್ತಿದ್ದಾನೆ. ಆಗ ತಲೆ ಓಡುವುದಿಲ್ಲ, ಅದಕ್ಕೆ ಸೂತ್ರ ಬೇಕು. ತಲೆಯ ಸಿಟಿಗೆ ಹಳೆಯದೊಂದು ಇಂಗ್ಲಿಷ್ ಸೂತ್ರ ಇದೆ: ಬ್ಲಡ್ ಕ್ಯಾನ್ ಬಿ ವೆರಿ ಬ್ಯಾಡ್. ಅಂದರೆ ಬ್ಲಡ್, ಸಿಸ್ಟರ್ನ್ (ಮೆದುಳಿನ ಸುತ್ತಲಿನ ದ್ರವದ ಜಾಗ), ಬ್ರೈನ್, ವೆಂಟ್ರಿಕಲ್ (ಮೆದುಳಿನೊಳಗಿನ ದ್ರವದ ಕೋಣೆ), ಬೋನ್. ಇದೇ ಕ್ರಮದಲ್ಲಿ ನೋಡಿ.

ವಿಂಡೋ (ಪರದೆಯಲ್ಲಿ ಯಾವ ಸಾಂದ್ರತೆ ಎಷ್ಟು ಬೆಳ್ಳಗೆ ಕಾಣಬೇಕು ಎಂಬ ಸೆಟ್ಟಿಂಗ್) ಬದಲಾಯಿಸದೆ ಯಾವ ತಲೆಯನ್ನೂ ನಾರ್ಮಲ್ ಅನ್ನಬೇಡಿ. ಮಾಮೂಲಿ ಬ್ರೈನ್ ವಿಂಡೋ ಅಗಲ 80, ನಡು 40. ಹೊಸ ರಕ್ತ ಸುಮಾರು 50ರಿಂದ 70 ಹೌನ್ಸ್‌ಫೀಲ್ಡ್ (ಸಿಟಿಯಲ್ಲಿ ಸಾಂದ್ರತೆಯ ಅಳತೆ) ಇರುತ್ತದೆ, ಮೂಳೆ ನೂರಾರು. ಈ ವಿಂಡೋದಲ್ಲಿ ಎರಡೂ ಬೆಳ್ಳಗೆ ಕಾಣುವುದರಿಂದ ತೆಳ್ಳಗಿನ ಸಬ್‌ಡ್ಯೂರಲ್ (ಮೆದುಳಿನ ಹೊದಿಕೆಯ ಕೆಳಗಿನ ರಕ್ತ) ತಲೆಬುರುಡೆಗೆ ಅಂಟಿಕೊಂಡು ಮಾಯವಾಗುತ್ತದೆ. ಅಗಲವನ್ನು 200ರ ಹತ್ತಿರಕ್ಕೆ ಏರಿಸಿ ನೋಡಿ, ಮೂಳೆ ಬೇರೆ, ರಕ್ತ ಬೇರೆ ಆಗಿ ಕಾಣುತ್ತವೆ. ಹತ್ತು ಸೆಕೆಂಡಿನ ಕೆಲಸ.

ಯಾವ ಕೇಸಿಗೆ ಓಡಬೇಕು, ಯಾವುದು ಬೆಳಗ್ಗೆವರೆಗೆ ಕಾಯಬಹುದು ಎಂಬುದೂ ಕಲಿಯಬೇಕಾದ ವಿದ್ಯೆ. ಹುಡುಗನ ವೃಷಣದಲ್ಲಿ ದಿಢೀರ್ ನೋವು ಅಂದರೆ ತಟ್ಟೆ ಬಿಟ್ಟು ಎದ್ದು ಹೋಗಿ, ಟಾರ್ಷನ್ (ವೃಷಣ ತಿರುಚಿಕೊಂಡು ರಕ್ತ ನಿಲ್ಲುವುದು) ಆಗಿದ್ದರೆ ಕೈಯಲ್ಲಿ ಇರುವುದು ಸುಮಾರು ಆರು ಗಂಟೆ, ಅದರಲ್ಲಿ ನಾಲ್ಕು ಗಂಟೆಯನ್ನು ಅವನು ಮನೆಯಲ್ಲಿ ನಾಚಿಕೆಯಿಂದ ಕಳೆದಿರುತ್ತಾನೆ. ಸ್ಕ್ಯಾನಿಗೆ ಕಾಯುತ್ತಾ ಆಪರೇಷನ್ ತಡವಾಗುವ ಹಾಗಿದ್ದರೆ ಕಾಯಬೇಡಿ ಎಂದು ನೀವೇ ಹೇಳಿ. ಎಕ್ಟೋಪಿಕ್ (ಗರ್ಭಕೋಶದ ಹೊರಗೆ ಕೂತ ಗರ್ಭ) ಅನುಮಾನ, ಹೊಟ್ಟೆಯ ಪೆಟ್ಟಿಗೆ ಫಾಸ್ಟ್ ಸ್ಕ್ಯಾನ್ (ಒಳಗೆ ರಕ್ತ ಇದೆಯಾ ಎಂದು ಬೇಗ ನೋಡುವ ಅಲ್ಟ್ರಾಸೌಂಡ್), ಪಾರ್ಶ್ವವಾಯು, ಇವೂ ಅಷ್ಟೇ. ಮೂರು ತಿಂಗಳಿನಿಂದ ಇರುವ ಸೊಂಟನೋವಿಗೆ ರಾತ್ರಿ ಎಂಆರ್‌ಐ ಕೇಳಿದರೆ ಜಗಳ ಆಡಬೇಡಿ, ಕಾಲಿನ ಬಲ ಹೇಗಿದೆ, ಮೂತ್ರ ಹೋಗುತ್ತಿದೆಯಾ ಅಂತ ಕೇಳಿ. ಎರಡೂ ಸರಿ ಇದ್ದರೆ ಬೆಳಗ್ಗೆವರೆಗೆ ಕಾಯಬಹುದು ಎಂದು ಅವರಿಗೇ ಗೊತ್ತಾಗುತ್ತದೆ.

ಜೀವಕ್ಕೆ ಅಪಾಯದ ಅಂಶ ಕಂಡರೆ ರಿಪೋರ್ಟ್ ಟೈಪ್ ಮಾಡುತ್ತಾ ಕೂರಬೇಡಿ. ಫೋನ್ ಮಾಡಿ, ಯಾರಿಗೆ ಹೇಳಿದಿರಿ, ಎಷ್ಟು ಗಂಟೆಗೆ ಎಂದು ರಿಪೋರ್ಟಿನಲ್ಲೇ ಬರೆಯಿರಿ. ಅನುಮಾನ ಇದ್ದರೆ ಸೀನಿಯರ್‌ನ ಎಬ್ಬಿಸಿ. ಬೈದರೆ ಬೈಸಿಕೊಳ್ಳಿ.

ಹೆಜ್ಜೆ 7: ಕಾಂಟ್ರಾಸ್ಟ್ ಮತ್ತು ಅಯಸ್ಕಾಂತ

ಸಿಟಿ ರೂಮಿಗೆ ಕಾಲಿಟ್ಟ ದಿನವೇ ಎಮರ್ಜೆನ್ಸಿ ಟ್ರೇ ಎಲ್ಲಿದೆ, ಅಡ್ರಿನಲಿನ್ ಎಕ್ಸ್‌ಪೈರಿ ಆಗಿದೆಯಾ ನೋಡಿ. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ಔಷಧಿ) ಕೊಟ್ಟ ಮೇಲೆ ಅನಫಿಲಾಕ್ಸಿಸ್ (ಜೀವಕ್ಕೆ ಅಪಾಯದ ಅಲರ್ಜಿ) ಆದರೆ ದೊಡ್ಡವರಿಗೆ ಅಡ್ರಿನಲಿನ್ 0.5 ಮಿಲಿಗ್ರಾಂ, ತೊಡೆಯ ಹೊರಭಾಗದ ಸ್ನಾಯುವಿಗೆ. ಅನಸ್ತೇಷಿಯಾದವರು ಬರುವವರೆಗೆ ಕಾಯುವ ಔಷಧಿ ಇದಲ್ಲ. ಮುಂಚೆಯೇ ಅಲರ್ಜಿ, ಅಸ್ತಮಾ, ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ), ಮೆಟ್‌ಫಾರ್ಮಿನ್ (ಸಕ್ಕರೆ ಕಾಯಿಲೆಯ ಮಾತ್ರೆ) ವಿಚಾರಿಸಿ.

ಎಂಆರ್‌ಐಯಲ್ಲಿ ಒಂದೇ ಒಂದು ವಿಷಯ ತಲೆಯಲ್ಲಿ ಕೂರಲಿ: ಸ್ಕ್ಯಾನ್ ನಡೆಯದಿದ್ದರೂ ಅಯಸ್ಕಾಂತ ಆನ್ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ರೋಗಿಯ ಜೊತೆ ಬಂದಿದ್ದ ಯುವಕ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋಗಿ ಪ್ರಾಣ ಕಳೆದುಕೊಂಡ. ಪೇಸ್‌ಮೇಕರ್, ಕ್ಲಿಪ್ ಎಲ್ಲ ಫಾರ್ಮಿನಲ್ಲಿ ಇರುತ್ತದೆ, ಆದರೆ ನಮ್ಮ ಜನರಲ್ಲಿ ಫಾರ್ಮು ಕೇಳದ ವಸ್ತುಗಳಿವೆ: ಉಡದಾರ, ಅದಕ್ಕೆ ಕಟ್ಟಿದ ತಾಯತ, ಕಾಲುಂಗುರ, ಸೆರಗಿನ ಪಿನ್ನು. ಒಂದೊಂದನ್ನೇ ಹೆಸರು ಹಿಡಿದು ಕೇಳಿ. ತಾಳಿ ತೆಗೆಯಲು ಹೆಂಗಸರು ಹಿಂಜರಿಯುತ್ತಾರೆ, ಗದರಬೇಡಿ. ನಮ್ಮಲ್ಲಿದ್ದ ಒಬ್ಬ ಸಿಸ್ಟರ್ ಡ್ರಾಯರಿನಲ್ಲಿ ಅರಿಶಿನದ ಕೊಂಬು ಕಟ್ಟಿದ ದಾರ ಇಟ್ಟಿರುತ್ತಿದ್ದರು. ಅದನ್ನು ಕೊರಳಿಗೆ ಹಾಕಿ, ತಾಳಿ ಬಿಚ್ಚಿ ಮನೆಯವರ ಕೈಗೆ ಕೊಡಿಸುತ್ತಿದ್ದರು. ಒಂದೇ ಒಂದು ದಿನ ಜಗಳ ಆಗಲಿಲ್ಲ.

ಹೆಜ್ಜೆ 8: ರಿಪೋರ್ಟ್ ಓದುವವರಿಗೆ ಬರೆಯಿರಿ

ವೈದ್ಯರು ಕೇಳಿದ ಪ್ರಶ್ನೆಗೆ ಕೊನೆಯ ಮೂರು ಸಾಲಿನಲ್ಲಿ ಉತ್ತರ ಇರಬೇಕು. ಮುಖ್ಯವಾದದ್ದು ಮೊದಲು. ಬಲ ಎಡ ಎರಡು ಸಲ ನೋಡಿ, ಹಳೆಯ ಟೆಂಪ್ಲೇಟಿನಿಂದ ಕಾಪಿ ಮಾಡುವಾಗ ಗಂಡಸಿಗೆ ಗರ್ಭಕೋಶ ನಾರ್ಮಲ್ ಅಂತ ಬರೆದವರು ಎಲ್ಲ ಕಾಲೇಜಿನಲ್ಲೂ ಇದ್ದಾರೆ. "ಕ್ಲಿನಿಕಲ್ ಕೋರಿಲೇಷನ್ ಸೂಚಿಸಲಾಗಿದೆ" (ರೋಗಿಯ ಲಕ್ಷಣಗಳ ಜೊತೆ ಹೋಲಿಸಿ ನೋಡಿ) ಎಂಬ ಸಾಲನ್ನು ಧೈರ್ಯ ಇಲ್ಲದ ಕಡೆಯೆಲ್ಲ ಅಂಟಿಸಬೇಡಿ. ಗೊತ್ತಿಲ್ಲದಿದ್ದರೆ ಎರಡು ಸಾಧ್ಯತೆ ಬರೆದು, ಯಾವ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ ಎಂದು ಹೇಳಿ.

ಥೀಸಿಸ್, ಜಿಲ್ಲಾ ಪೋಸ್ಟಿಂಗ್ ಇತ್ಯಾದಿ

ಥೀಸಿಸ್ ಸಿನಾಪ್ಸಿಸ್ (ಸಂಶೋಧನೆಯ ಯೋಜನೆ) ಮೊದಲ ಆರು ತಿಂಗಳಲ್ಲೇ ಕೇಳುತ್ತಾರೆ. ದೊಡ್ಡ ಹೆಸರಿನ ಅಪರೂಪದ ಕಾಯಿಲೆ ತೆಗೆದುಕೊಂಡು ಕೇಸು ಸಿಗದೆ ಅಳುವುದಕ್ಕಿಂತ, ಕಳೆದ ಮೂರು ತಿಂಗಳ ರಿಜಿಸ್ಟರ್ ತೆಗೆದು ನಿಮ್ಮ ಆಸ್ಪತ್ರೆಗೆ ಯಾವ ಕೇಸು ದಿನಾ ಬರುತ್ತದೆ ಎಂದು ಎಣಿಸಿ, ಆಮೇಲೆ ವಿಷಯ ಆರಿಸಿ. ಐಸಿಎಂಆರ್‌ನ ಸಂಶೋಧನೆಯ ಆನ್‌ಲೈನ್ ಕೋರ್ಸನ್ನು ಮೊದಲ ವರ್ಷವೇ ಮುಗಿಸಿಬಿಡಿ.

ಜಿಲ್ಲಾ ಆಸ್ಪತ್ರೆಯ ಮೂರು ತಿಂಗಳನ್ನು ರಜೆ ಅಂದುಕೊಂಡು ಹೋಗುವವರೇ ಜಾಸ್ತಿ. ಪಕ್ಕದಲ್ಲಿ ಸೀನಿಯರ್ ಇಲ್ಲದೆ ದಿನಕ್ಕೆ ಅಷ್ಟೊಂದು ಸ್ಕ್ಯಾನ್ ಮಾಡುವ ಅವಕಾಶ ಮತ್ತೆ ಎಲ್ಲಿ ಸಿಗುತ್ತದೆ ಹೇಳಿ? ನನ್ನ ಕೈ ಕುದುರಿದ್ದು ಅಂಥ ಒಂದು ಕಡೆಯಲ್ಲೇ. ನಿಮ್ಹಾನ್ಸ್, ಕಿದ್ವಾಯಿ ಥರದ ಕಡೆ ಹೊರಗಿನ ಪೋಸ್ಟಿಂಗ್ ಸಿಗುವ ಹಾಗಿದ್ದರೆ ಬಿಡಬೇಡಿ.

ಎಐ ಬಂದು ಕೆಲಸ ಹೋಗುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು ಎಂದು ಎಐ ವಿಜ್ಞಾನಿ ಜೆಫ್ರಿ ಹಿಂಟನ್ 2016ರಲ್ಲಿ ಹೇಳಿದ್ದರು. 2024ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು, ಎಕ್ಸ್‌ರೇ ಕಂಡುಹಿಡಿದ ರಾಂಟ್‌ಜೆನ್‌ಗೆ 1901ರಲ್ಲಿ ಬಂದ ಅದೇ ಬಹುಮಾನ. ನಮ್ಮ ರಾತ್ರಿ ಡ್ಯೂಟಿ ಮಾತ್ರ ಹಾಗೇ ಇದೆ.

ಹೆಜ್ಜೆ 9: ಪರೀಕ್ಷೆ, ಆಮೇಲಿನ ಸಹಿ

ಥಿಯರಿ ನಾಲ್ಕು ಪೇಪರ್. ಫಿಸಿಕ್ಸನ್ನು ಕೊನೆಗೆ ಇಟ್ಟುಕೊಂಡವರು ವೈವಾ ಟೇಬಲ್ಲಿನಲ್ಲಿ ಒದ್ದಾಡುತ್ತಾರೆ. ದೂರ ಎರಡರಷ್ಟಾದರೆ ಡೋಸು ಕಾಲು ಭಾಗಕ್ಕೆ ಇಳಿಯುತ್ತದೆ ಅನ್ನುವುದನ್ನು ಫ್ಲೋರೋಸ್ಕೋಪಿ ರೂಮಿನಲ್ಲಿ ಎರಡು ಹೆಜ್ಜೆ ಹಿಂದೆ ಸರಿದು ಕಲಿಯಿರಿ, ಮರೆಯುವುದಿಲ್ಲ. ಫಿಲ್ಮು ಕೊಟ್ಟಾಗ ಮೊದಲು ಅದು ಯಾವ ಪರೀಕ್ಷೆ, ಕಾಂಟ್ರಾಸ್ಟ್ ಕೊಟ್ಟಿದ್ದಾರಾ ಎಂದು ಹೇಳಿ, ಆಮೇಲೆ ಕಂಡದ್ದು, ಕೊನೆಗೆ ಕಾಯಿಲೆಯ ಹೆಸರು. ಹೆಸರು ತಪ್ಪಾದರೂ ಕಂಡದ್ದಕ್ಕೆ ಅಂಕ ಸಿಗುತ್ತದೆ. ಹಿಂದಿನ ರಾತ್ರಿ ಹೊಸದೇನೂ ಓದಬೇಡಿ, ತಪ್ಪಿನ ಪುಸ್ತಕ ತಿರುವಿ ಹಾಕಿ ಮಲಗಿ.

ಪಾಸಾದ ಮೇಲೆ ಮೆಡಿಕಲ್ ಕೌನ್ಸಿಲ್‌ನಲ್ಲಿ ಎಂಡಿ ನೋಂದಾಯಿಸಿ. ಕೆಲಸಕ್ಕೆ ಸೇರುವ ಸೆಂಟರಿನವರು ಪಿಸಿಪಿಎನ್‌ಡಿಟಿ ನೋಂದಣಿಯಲ್ಲಿ ನಿಮ್ಮ ಹೆಸರು ಸೇರಿಸಿ, ಅದರ ಪ್ರತಿ ನಿಮ್ಮ ಕೈಗೆ ಕೊಡುವವರೆಗೆ ಅಲ್ಲಿ ಪ್ರೋಬ್ ಮುಟ್ಟಬೇಡಿ. ಒಂದು ಜಿಲ್ಲೆಯಲ್ಲಿ ಎರಡಕ್ಕಿಂತ ಹೆಚ್ಚು ಅಲ್ಟ್ರಾಸೌಂಡ್ ಸೆಂಟರಿನಲ್ಲಿ ಒಬ್ಬರ ಹೆಸರು ಇರುವಂತಿಲ್ಲ. ಆದ್ದರಿಂದ ಮೂರನೇ ಸೆಂಟರಿನವರು "ಸಂಜೆ ಒಂದೇ ಗಂಟೆ ಬನ್ನಿ ಡಾಕ್ಟ್ರೇ, ಸೈನ್ ಮಾಡಿದ್ರೆ ಸಾಕು" ಎಂದು ಕರೆದಾಗ ಆಗಲ್ಲ ಅಂದುಬಿಡಿ.